ಮೂವತ್ತಮೂರು ಬಾಗಿಲುಗಳ ಚಿತ್ರ

2024ನೆಯ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ತಗ್ಗಿಸುವ ಸಲುವಾಗಿ ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ಹೊಳೆಗೆ ಬಿಡಲಾಯಿತು. ಹೊಳೆಯ ಕೆಳಭಾಗದಲ್ಲಿರುವ ಕಂಪ್ಲಿಯ ಜನರಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಪ್ರವಾಹ ಬಂದಾಗ ಗಂಗಾವತಿಗೆ ಹೋಗುವ ಸೇತುವೆಯು ಮುಳುಗುವುದನ್ನು ಅವರು ಬಲ್ಲರು.

ಕಂಪ್ಲಿಯ ವಿದ್ಯಾರ್ಥಿಯೊಬ್ಬನು ಈ ಸಂಗತಿಯನ್ನು ತರಗತಿಗೆ ವಿವರಿಸಲು ಗಣಕಯಂತ್ರದಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸುವನೆಂದು ಊಹಿಸಬಹುದು. ಅವನ ಕೈಗೆ ಮೊದಲು ಸಿಗುವುದು ಯಾವುದೋ ದೇಶದ ಯಾವುದೋ ಅಣೆಕಟ್ಟಿನ ಛಾಯಾಚಿತ್ರ. ನೋಡಲು ಅಂದವಾಗಿದ್ದರೂ ಅದು ತುಂಗಭದ್ರೆಯದಲ್ಲ. ಅಲ್ಲದೆ, ಅಂತಹ ಚಿತ್ರವು ಬಣ್ಣದ ಚುಕ್ಕೆಗಳ ರಾಶಿ. ಹಿಗ್ಗಿಸಿದರೆ ಚುಕ್ಕೆಗಳೇ ದೊಡ್ಡವಾಗಿ ಚಿತ್ರವು ಮಸುಕಾಗುತ್ತದೆ. ಅದರೊಳಗಿನ ಒಂದು ಬಾಗಿಲನ್ನು ಮಾತ್ರ ಬದಲಿಸುವುದು ಸುಲಭವಲ್ಲ.

ವೆಕ್ಟರ್ ಚಿತ್ರದ ಬಗೆಯೇ ಬೇರೆ. ರೇಖೆಯು ಎಲ್ಲಿ ಆರಂಭವಾಗುವುದು, ಎಲ್ಲಿ ಬಾಗುವುದು, ಎಲ್ಲಿ ಮುಗಿಯುವುದು ಎಂಬ ಲೆಕ್ಕವನ್ನಷ್ಟೇ ಗಣಕವು ನೆನಪಿನಲ್ಲಿಡುತ್ತದೆ. ಗಾತ್ರವು ಬದಲಾದಂತೆಲ್ಲ ರೇಖೆಯನ್ನು ಹೊಸದಾಗಿ ಎಳೆಯುತ್ತದೆ. ಗೋಡೆಯಷ್ಟು ಹಿಗ್ಗಿಸಿದರೂ ಅಂಚು ಕೆಡದು. ಐಕಾನ್ ಎಂಬ ಪುಟ್ಟ ಸಂಕೇತಚಿತ್ರಗಳು ಹೆಚ್ಚಾಗಿ ಈ ಬಗೆಯವು. ಇವುಗಳ ಎಸ್‌ವಿಜಿ ಎಂಬ ರೂಪವು 2001ರಲ್ಲಿ ಮಾನಕವಾಯಿತು. ಇಂತಹ ಐಕಾನನ್ನು ಸ್ಲೈಡಿಗೆ ತಂದು, ಆಕೃತಿಯಾಗಿ ಪರಿವರ್ತಿಸಿ, ಗುಂಪನ್ನು ಬಿಡಿಸಿದರೆ, ಪೋಣಿಸಿದ ದಾರ ಬಿಚ್ಚಿದ ತೊಗಲುಗೊಂಬೆಯ ಕೈಕಾಲುಗಳಂತೆ ಅದರ ಭಾಗಗಳು ಬೇರೆಬೇರೆಯಾಗುತ್ತವೆ.

ತುಂಗಭದ್ರೆಯ ಪ್ರತಿಯೊಂದು ಬಾಗಿಲು 60 ಅಡಿ ಅಗಲ, 20 ಅಡಿ ಎತ್ತರ. ಆದುದರಿಂದ ಎತ್ತರದ ಮೂರರಷ್ಟು ಅಗಲವುಳ್ಳ ಒಂದು ಆಯತವನ್ನು ಬರೆದು, ಅದರ ಪ್ರತಿಗಳನ್ನು ಮಾಡಿ 33ನ್ನು ಸಾಲಾಗಿ ಜೋಡಿಸಿದರೆ ಅಣೆಕಟ್ಟು ಸಿದ್ಧ. 19ನೆಯದಕ್ಕೆ ಕೆಂಪು ಬಳಿಯುವ ಆಸೆ ಸಹಜ. ಆದರೆ ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ತರಗತಿಯಲ್ಲಿರಬಹುದು. ಬಣ್ಣವನ್ನು ತೆಗೆದು ಹೊರಗೆರೆಯನ್ನು ಮಾತ್ರ ಉಳಿಸುವುದೇ ಲೇಸು. ಇಲ್ಲದ ಬಾಗಿಲು ಇಲ್ಲದಂತೆಯೇ ಕಾಣಲಿ! ಒಂದು ವಾರದ ಅನಂತರ ಉಕ್ಕಿನ ಫಲಕಗಳನ್ನು ಒಂದರ ಮೇಲೊಂದು ಇಳಿಸಿ ಆ ತೆರಪನ್ನು ಮುಚ್ಚಲಾಯಿತು. ಮುಂದಿನ ಸ್ಲೈಡಿನಲ್ಲಿ ಅದೇ ಆಯತದೊಳಗೆ ಅಡ್ಡಗೆರೆಗಳನ್ನು ಎಳೆದರೆ ಸಾಕು.

ನೀರಿನ ಪ್ರಮಾಣವನ್ನು ತೋರಿಸುವಲ್ಲಿ ಹೆಚ್ಚಿನ ಎಚ್ಚರ ಬೇಕು. ಹರಿವು ಇಮ್ಮಡಿಯಾಯಿತೆಂದು ಹೇಳಲು ಹನಿಯ ಐಕಾನನ್ನು ಇಮ್ಮಡಿ ಅಗಲ, ಇಮ್ಮಡಿ ಎತ್ತರಕ್ಕೆ ಹಿಗ್ಗಿಸುವವರುಂಟು. ಆಗ ಅದರ ವಿಸ್ತೀರ್ಣವು ನಾಲ್ಮಡಿಯಾಗಿ ಕಣ್ಣು ಮೋಸಹೋಗುತ್ತದೆ. ವಿಯೆನ್ನಾದಲ್ಲಿ 1925ರಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ ಆಟೊ ನ್ಯೂರಾತ್ ಎಂಬ ವಿದ್ವಾಂಸನು ಇದಕ್ಕೆ ಸರಳವಾದ ನಿಯಮವನ್ನು ಮಾಡಿದ್ದನು: ಹೆಚ್ಚಿನ ಪ್ರಮಾಣಕ್ಕೆ ದೊಡ್ಡ ಚಿಹ್ನೆಯಲ್ಲ, ಹೆಚ್ಚು ಚಿಹ್ನೆಗಳು. ಒಂದು ಹನಿಯ ಪಕ್ಕದಲ್ಲಿ ಅಷ್ಟೇ ಗಾತ್ರದ ಇನ್ನೊಂದು ಹನಿಯನ್ನಿಟ್ಟರೆ ಲೆಕ್ಕ ಸರಿಯಾಯಿತು.

ಇನ್ನು ಕಂಪ್ಲಿಯ ಸೇತುವೆ. ಸಿದ್ಧ ಐಕಾನುಗಳಲ್ಲಿ ಸಾಮಾನ್ಯವಾಗಿ ಸಿಗುವುದು ತೂಗುಸೇತುವೆ. ಅದರ ಗೋಪುರಗಳನ್ನೂ ಹಗ್ಗಗಳನ್ನೂ ಅಳಿಸಿ, ಕಂಬಗಳನ್ನೂ ಅವುಗಳ ಮೇಲಿನ ರಸ್ತೆಯನ್ನೂ ಉಳಿಸಿಕೊಳ್ಳಬೇಕು. ಕೆಳಗೆ ಒಂದು ನೀಲಿ ಪಟ್ಟಿಯನ್ನಿಟ್ಟು ಮೇಲಕ್ಕೆ ಸರಿಸಿದಂತೆಲ್ಲ ಮೊದಲು ಕಂಬಗಳು, ಅನಂತರ ರಸ್ತೆ ಮರೆಯಾಗುತ್ತವೆ. ಆ ಪಟ್ಟಿಯು ಎಷ್ಟು ಮೇಲೇರಿದಾಗ ಗಂಗಾವತಿಯ ಬಸ್ಸು ನಿಲ್ಲುವುದೆಂಬುದನ್ನು ಹಿಂದಿನ ಬೆಂಚಿನ ಹುಡುಗರೇ ಹೇಳಬಲ್ಲರು.