ಉಪ್ಪಾಗೆ ಬೆಳೆಯುವವರು ಕಸಿ ಗಿಡಗಳನ್ನೇ ಏಕೆ ನೆಡಬೇಕು?

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ತಾನಾಗಿಯೇ ಬೆಳೆಯುವ ಉಪ್ಪಾಗೆ (ಗಾರ್ಸೀನಿಯ ಗಮ್ಮಿಗಟ್ಟ) ಮಲೆನಾಡಿನ ರೈತರಿಗೆ ಹೊಸ ಮರವೇನಲ್ಲ. ಇದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುತ್ತಾರೆ. ಉತ್ತರ ಕನ್ನಡದಲ್ಲಿ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಹಣ್ಣಿನ ರಸವನ್ನು ಕಾಯಿಸಿ ಕಾಚಂಪುಳಿ ಮಾಡುತ್ತಾರೆ. 1990ರ ದಶಕದಲ್ಲಿ ಸಿಪ್ಪೆಗೆ ಹೊರದೇಶಗಳಿಂದ ಬೇಡಿಕೆ ಬಂದ ಮೇಲೆ, ಬಲಿಯದ ಕಾಯಿಗಾಗಿ ಕೊಂಬೆಗಳನ್ನು ಕಡಿಯುವುದೂ ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಸುವುದೂ ಹೆಚ್ಚಾದವು. ಈ ಕಾರಣದಿಂದಲೂ ಉಪ್ಪಾಗೆಯನ್ನು ಸ್ವಂತ ಜಮೀನಿನಲ್ಲಿ ಬೆಳೆಸುವುದು ಒಳ್ಳೆಯದು.

ಆದರೆ ಬೀಜದ ಸಸಿ ನೆಡುವವರು ಒಂದು ವಿಷಯವನ್ನು ಗಮನಿಸಬೇಕು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ. ಇದು ತಿಳಿಯುವುದು ಹೂ ಬಿಟ್ಟಾಗ ಮಾತ್ರ. ಅದಕ್ಕೆ ಹತ್ತು ಹನ್ನೆರಡು ವರ್ಷ ಕಾಯಬೇಕು. ಎಲೆ ನೋಡಿಯೇ ಹೇಳಬಲ್ಲೆವೆನ್ನುವವರೂ ಉಂಟು. ಅವರ ಮಾತನ್ನು ನಂಬಿ ಹಣ ಹಾಕಬಾರದು. ಹೆಣ್ಣು ಹೂವಿನ ನಡುವೆ ಗುಂಡಗಿನ ಹಸಿರು ಅಂಡಾಶಯವಿರುತ್ತದೆ. ಗಂಡು ಹೂವಿನಲ್ಲಿ ಕೇಸರಗಳು ಒತ್ತಾಗಿರುತ್ತವೆ.

ಹೀಗಾಗಿ ಹೆಚ್ಚು ಇಳುವರಿ ಕೊಡುವ ಹೆಣ್ಣು ಮರವನ್ನು ಎರಡು ಮೂರು ವರ್ಷ ಗಮನಿಸಿ, ಅದರಿಂದ ಕಸಿಕಡ್ಡಿ ತೆಗೆಯಬೇಕು. ಬೇರುಸಸಿಗೆ ಉಪ್ಪಾಗೆ ಬೀಜವನ್ನೇ ಬಿತ್ತಬಹುದು. ಹಾಗೆಯೇ ಬಿತ್ತಿದರೆ ಮೊಳೆಯಲು 5ರಿಂದ 7 ತಿಂಗಳು ಹಿಡಿಯುತ್ತದೆ. ಒಳಗಿನ ತಿರುಳಿಗೆ ಗಾಯವಾಗದಂತೆ ಬೀಜದ ಹೊರಸಿಪ್ಪೆ ಬಿಡಿಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಕಸಿಕಡ್ಡಿ ಮತ್ತು ಬೇರುಸಸಿ ಒಂದೇ ದಪ್ಪವಿರುವಾಗ ಮೃದುಕಾಂಡ ಕಸಿ ಮಾಡಬೇಕು.

ಕಡ್ಡಿಯನ್ನು ಮರದ ಯಾವ ಭಾಗದಿಂದ ತೆಗೆದಿರಿ ಎಂಬುದೂ ಮುಖ್ಯ. ನೇರವಾಗಿ ಮೇಲಕ್ಕೆ ಬೆಳೆದ ಚಿಗುರಿನ ಕಸಿ ಎತ್ತರದ ಮರವಾಗುತ್ತದೆ. ಅಡ್ಡ ಕೊಂಬೆಯ ಚಿಗುರು ಅಗಲವಾಗಿ, ಗಿಡ್ಡಾಗಿ ಹರಡುತ್ತದೆ. ಸೊಪ್ಪಿನ ಬೆಟ್ಟಕ್ಕೆ ಮೊದಲನೆಯದು ಸರಿ. ಹಿತ್ತಿಲಿಗೆ ಎರಡನೆಯದೇ ವಾಸಿ, ಕುಯ್ಲಿಗೆ ಮರ ಹತ್ತಬೇಕಾಗಿಲ್ಲ.

ನೀರು ನಿಲ್ಲದ ಜಾಗದಲ್ಲಿ 4 ಮೀಟರ್ ಅಂತರಕ್ಕೆ ಅರ್ಧ ಮೀಟರ್ ಗುಂಡಿ ತೆಗೆದು, ಮೇಲ್ಮಣ್ಣು ಹಾಗೂ ಕೊಟ್ಟಿಗೆ ಗೊಬ್ಬರ ತುಂಬಿ ಮುಂಗಾರಿನಲ್ಲಿ ನೆಡಬೇಕು. ಕಸಿಗಂಟು ಮಣ್ಣಿನೊಳಗೆ ಹೋಗಕೂಡದು. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು. ಅದನ್ನು ಬಿಟ್ಟರೆ ಬೇರುಸಸಿ ಬೆಳೆದು ಕಸಿ ಸಾಯುತ್ತದೆ; ಉಳಿಯುವುದು ಗಂಡೋ ಹೆಣ್ಣೋ ತಿಳಿಯದ ಅದೇ ಬೀಜದ ಗಿಡ. ಕಸಿ ಗಿಡಗಳು ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಕಾಯಿ ಬಿಡತೊಡಗುತ್ತವೆ.

ಬೆಟ್ಟದಲ್ಲಿ ಈಗಾಗಲೇ ಇರುವ ಗಂಡು ಮರಗಳನ್ನು ಪ್ರಯೋಜನವಿಲ್ಲವೆಂದು ಪೂರ್ತಿ ಕಡಿಯಬಾರದು. ಸುತ್ತಲಿನ ಹೆಣ್ಣು ಮರಗಳಿಗೆ ಪರಾಗ ಒದಗುವುದು ಅವುಗಳಿಂದಲೇ.