ಅಂಚೆ ಕಾರ್ಡು ಮತ್ತು ಸ್ಥಳೀಯ ಚರಿತ್ರೆ: ಚಿತ್ರದುರ್ಗ ಸೀಮೆಯ ಮನೆಗಾಗದಗಳ ಓದು

ಚಿತ್ರದುರ್ಗದ ಚರಿತ್ರೆಯೆಂದರೆ ಪಾಳೆಯಗಾರರ ಚರಿತ್ರೆ ಎಂಬ ಗ್ರಹಿಕೆ ನಮ್ಮ ಅಧ್ಯಯನಗಳಲ್ಲಿ ಬಲವಾಗಿ ನೆಲೆಯೂರಿದೆ. ಶಾಸನ, ಬಖೈರು, ಕೈಫಿಯತ್ತುಗಳಿಂದ ಕಟ್ಟಲಾದ ಈ ಚರಿತ್ರೆ 1779ರಲ್ಲಿ ಕೋಟೆಯು ಹೈದರಾಲಿಯ ವಶವಾಗುವುದರೊಂದಿಗೆ ಬಹುಮಟ್ಟಿಗೆ ನಿಂತುಬಿಡುತ್ತದೆ. ಆನಂತರದ, ಅದರಲ್ಲೂ ಇಪ್ಪತ್ತನೆಯ ಶತಮಾನದ ಜನಜೀವನವನ್ನು ಅರಿಯಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ ಉಳಿದ ಅಂಚೆ ಕಾರ್ಡು, ಲಗ್ನಪತ್ರಿಕೆ, ಕರಪತ್ರ, ರಸೀದಿಗಳು ಆಕರಗಳಾಗಬಲ್ಲವು. ಇವುಗಳನ್ನು ಓದುವ ಕ್ರಮವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಸಮಸ್ಯೆ ಕಾಲನಿರ್ಣಯದ್ದು. ಹಳೆಯ ಕಾಗದಗಳಲ್ಲಿ ಸಂವತ್ಸರ, ಮಾಸ, ತಿಥಿಗಳಿದ್ದು ಇಸವಿ ಇಲ್ಲದಿರುವುದುಂಟು. ಸಂವತ್ಸರವು 60 ವರ್ಷಗಳಿಗೊಮ್ಮೆ ಮರುಕಳಿಸುವುದರಿಂದ ಕಾಳಯುಕ್ತಿ ಎಂದಷ್ಟೇ ಇದ್ದರೆ ಅದು 1918 ಆಗಿರಬಹುದು, 1978ಕೂಡ ಆಗಿರಬಹುದು. ಅಂಚೆಯ ಮುದ್ರೆ ಮಸುಕಾಗಿದ್ದರೆ ಕಾರ್ಡಿನ ಬೆಲೆಯೇ ಸಾಕ್ಷಿ. 1879ರಲ್ಲಿ ಆರಂಭವಾದ ಕಾಲಾಣೆಯ ಕಾರ್ಡು 1922ರಲ್ಲಿ ಅರ್ಧಾಣೆಯಾಯಿತು. 1957ರಲ್ಲಿ ನಯಾಪೈಸೆ ಬಂದಿತು. 1972ರಲ್ಲಿ ಪಿನ್‌ಕೋಡ್ ಬಳಕೆ ಆರಂಭವಾಯಿತು. ಸ್ಥಳನಾಮಗಳಲ್ಲೂ ಎಚ್ಚರ ಅಗತ್ಯ. ‘ಹೊಸದುರ್ಗ ರೋಡ್’ ಎಂಬುದು ಹೊಸದುರ್ಗ ಪಟ್ಟಣವಲ್ಲ. ಅದು ಪಟ್ಟಣದಿಂದ ದೂರವಿರುವ ರೈಲು ನಿಲ್ದಾಣ. ದಾವಣಗೆರೆಯ ವಿಳಾಸದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿದ್ದರೆ ಅದು 1997ರ ಹಿಂದಿನ ರೂಢಿ.

ಎರಡನೆಯ ಸಮಸ್ಯೆ ಹೆಚ್ಚು ಗಂಭೀರವಾದುದು. ಬಂದ ಕಾಗದಗಳನ್ನು ತಂತಿಗೆ ಪೋಣಿಸಿಡುವ ಪದ್ಧತಿಯಿದ್ದ ಮನೆಗಳಲ್ಲಿಯೂ ಸಾವಿನ ಸುದ್ದಿಯ ಕಾರ್ಡನ್ನು ಓದಿದೊಡನೆ ಹರಿದುಹಾಕುವ ರೂಢಿಯಿತ್ತು. ಅರಿಶಿನ ಹಚ್ಚಿದ ಪತ್ರ ಉಳಿಯಿತು, ಅಶುಭದ ಪತ್ರ ಅಳಿಯಿತು. ಆದ್ದರಿಂದ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ಕಾಡಿದ ಅದೇ 1918ರ ಕಾಳಯುಕ್ತಿಯ ಕಟ್ಟಿನಲ್ಲಿ ಕೇವಲ ಮದುವೆಯ ಸುದ್ದಿಗಳಿದ್ದರೆ, ಆ ಮನೆಗೆ ಸಾವಿನ ಸುದ್ದಿ ಬರಲಿಲ್ಲವೆಂದು ತೀರ್ಮಾನಿಸಲಾಗದು. ಇಲ್ಲಿ ಮೌನವೂ ಓದಬೇಕಾದ ಪಠ್ಯವೇ.

ಈ ಮೌನವನ್ನು ಓದಲು ಉಳಿದ ಕಾರ್ಡುಗಳೇ ದಾರಿ ತೋರುತ್ತವೆ. ಉಭಯಕುಶಲೋಪರಿಯ ಅನಂತರ ಬರುವ ನಮಸ್ಕಾರ, ಆಶೀರ್ವಾದಗಳ ಸಾಲಿನಿಂದ ಒಂದು ಹೆಸರು ಮರೆಯಾಗುವುದು, ವಿಳಾಸದಲ್ಲಿ ತಂದೆಯ ಬದಲು ಮಗನ ಹೆಸರು ಬರುವುದು, ಲಗ್ನಪತ್ರಿಕೆಯಲ್ಲಿ ಆಹ್ವಾನಿಸುವ ಹಿರಿಯರು ಬದಲಾಗುವುದು ಗಮನಾರ್ಹ. ಆದರೆ ಹೆಸರು ಬಿಟ್ಟುಹೋಗಲು ವಲಸೆ, ದಾಯಾದಿ ಕಲಹಗಳೂ ಕಾರಣವಾಗಬಹುದು. ಮರಣ ದಾಖಲೆಗಳೊಡನೆ, ಮನೆಯವರ ಹೇಳಿಕೆಗಳೊಡನೆ ತಾಳೆ ನೋಡದೆ ಇದನ್ನು ಪುರಾವೆಯೆನ್ನುವಂತಿಲ್ಲ.

ಇಂಥ ಓದು ಬಿಡಿ ಕಾರ್ಡಿನಿಂದ ಸಾಧ್ಯವಿಲ್ಲ. ಇಡೀ ಕಟ್ಟು ಬೇಕು. ಸಂಗ್ರಾಹಕರು ಅಂದದ ಕಾರ್ಡುಗಳನ್ನಷ್ಟೇ ಆಯ್ದುಕೊಂಡು ಉಳಿದವು ರದ್ದಿಗೆ ಹೋದಾಗ ಈ ಸಂಬಂಧವೇ ಕಡಿದುಹೋಗುತ್ತದೆ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ತಂತಿಯಿಂದ ಬಿಡಿಸುವ ಮುನ್ನ ಅನುಕ್ರಮವನ್ನು ಗುರುತಿಸಿ, ಎರಡೂ ಮಗ್ಗುಲುಗಳ ಚಿತ್ರ ತೆಗೆದು, ಮನೆಯವರ ಒಪ್ಪಿಗೆಯಿಂದ ಮಾತ್ರ ಬಳಸುವುದು ಉಚಿತ. ಕೋಟೆಯ ಕಲ್ಲು ಇನ್ನೂ ಕಾದೀತು, ಕಾಗದ ಕಾಯಲಾರದು.