ಅಜ್ಜನ .303 ರೈಫಲ್ ನಮಗೆ ಸಿಗುತ್ತದೆಯೇ?

ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ರೈಫಲ್ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದಯವಿಟ್ಟು ಈ ವಾರವೇ ಠಾಣೆಯಲ್ಲಿ ಜಮಾ ಮಾಡಿ, ಬೋರ್ ಮತ್ತು ನಂಬರ್ ನಮೂದಿಸಿದ ರಸೀದಿ ಪಡೆಯಿರಿ.

ಒಂದೊಂದೇ ಗುಂಡು ಹಾರಿಸುವ ಹಳೇ ಕೋವಿಗೆ ಇಷ್ಟೇಕೆ ಬಿಗಿ ಎಂದು ಕೇಳಿದ್ದೀರಿ. ಇಲ್ಲಿ ಮುಖ್ಯವಾಗುವುದು ತೋಟಾ. ಸೇನೆಯ .303 ಅಥವಾ 7.62 ಮಿ.ಮೀ. ತೋಟಾ ಹಾರಿಸಬಲ್ಲ ರೈಫಲ್, ಪ್ರತಿ ಸಲ ಬೋಲ್ಟ್ ಎಳೆಯಬೇಕಾದರೂ, 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಅರೆ ಸ್ವಯಂಚಾಲಿತ ಬಂದೂಕುಗಳೂ ಅಲ್ಲೇ ಇವೆ. ಇಛಾಪುರ ಕಾರ್ಖಾನೆಯ .315 ರೈಫಲ್‌ನ ಗುಂಡು .303ಕ್ಕಿಂತ ದಪ್ಪ. ಆದರೂ ಅದು ನಾಗರಿಕರಿಗೆ ಸಿಗುತ್ತದೆ, ಏಕೆಂದರೆ ಅದರ ತೋಟಾ ನಮ್ಮ ಸೇನೆಯದ್ದಲ್ಲ. ವಿಚಿತ್ರ ಅನಿಸಬಹುದು, ಆದರೆ ಸೇನೆಯ ಮದ್ದುಗುಂಡು ಹೊರಗೆ ಸೋರದಂತೆ ತಡೆಯುವುದು ನನಗೆ ನ್ಯಾಯವೆನಿಸುತ್ತದೆ.

.315ಕ್ಕೆ ಜಿಲ್ಲಾಧಿಕಾರಿಯೇ ಲೈಸೆನ್ಸ್ ಕೊಡಬಹುದು. .303ಕ್ಕೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು, ಸುಲಭಕ್ಕೆ ಸಿಗದು. ತೋಟ ಕಾಯಲಷ್ಟೇ ಬೇಕಿದ್ದರೆ ಆ ಆಸೆ ಬಿಡಿ. ಇಂಥ ಶಸ್ತ್ರವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡವರಿಗೆ ಸೆರೆವಾಸವಾಗಬಹುದು. ಅಜ್ಜನ ಮೇಲಿನ ಪ್ರೀತಿಗಾಗಿ ಅಂಥ ಅಪಾಯ ಬೇಡ.